ಕೈಸಾಲ ತೀರಿಸಲು ಸ್ವಸಹಾಯ ಸಂಘ: ಎಷ್ಟರ ಮಟ್ಟಿಗೆ ಕೆಲಸಕ್ಕೆ ಬರುತ್ತದೆ?

ಸ್ವಸಹಾಯ ಸಂಘ ಅಂದ ಕೂಡಲೇ ಮಾತು ಹಪ್ಪಳ, ಉಪ್ಪಿನಕಾಯಿ, ರೊಟ್ಟಿ ಮಾರಾಟದ ಕಡೆಗೆ ಹೋಗಿಬಿಡುತ್ತದೆ. ಇಲ್ಲಿ ನೋಡುತ್ತಿರುವುದು ಬೇರೆ. ನೂರಕ್ಕೆ ಮೂರರಂತೆ ತಂದ ಕೈಸಾಲ, ಫೈನಾನ್ಸಿನವರ ಕಂತು, ಅಡವಿಟ್ಟ ಬಳೆ, ಕಿರಾಣಿ ಅಂಗಡಿಯ ಬಾಕಿ ಇಷ್ಟೂ ಒಟ್ಟಿಗೆ ತಲೆಮೇಲಿರುವ ಮನೆಗೆ ಸಂಘ ಒಂದು ಸೇವೆಯಾಗಿ ಹೇಗಿದೆ? ಏನು ಕೊಡುತ್ತದೆ, ಏನು ಕೇಳುತ್ತದೆ, ಎಲ್ಲಿ ಕೈಕೊಡುತ್ತದೆ?

ತೀರ್ಪು ಮೊದಲೇ ಹೇಳಿಬಿಡಬಹುದು. ದುಬಾರಿ ಸಾಲವನ್ನು ಅಗ್ಗದ ಸಾಲಕ್ಕೆ ಬದಲಾಯಿಸಿ, ವಾರವಾರ ಕರಗಿಸುವ ಕೆಲಸಕ್ಕೆ ಹಳ್ಳಿ ಮತ್ತು ಸಣ್ಣ ಊರುಗಳಲ್ಲಿ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಸಾಮಾನ್ಯ ಕುಟುಂಬಕ್ಕೆ ಸಿಗುವುದಿಲ್ಲ. ಆದರೆ ಹಳೆಯ ಸಾಲ ಹಾಗೇ ಇಟ್ಟುಕೊಂಡು ಮೇಲೊಂದು ಸಂಘದ ಸಾಲ ಎತ್ತಿದರೆ, ಕಂತಿನ ಪಟ್ಟಿಗೆ ಇನ್ನೊಂದು ಸಾಲು ಸೇರುತ್ತದೆ ಅಷ್ಟೆ. ಎರಡಕ್ಕೂ ಇರುವ ವ್ಯತ್ಯಾಸವೆಲ್ಲ ಸಂಘದ ಪುಸ್ತಕ ಹೇಗಿದೆ, ಮನೆಯ ಪುಸ್ತಕ ಹೇಗಿದೆ ಎಂಬುದರ ಮೇಲೆ ನಿಂತಿದೆ.

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳಬೇಕು. ಊರಲ್ಲಿ 'ಸಂಘದ ಸಾಲ' ಅಂದರೆ ಮೈಕ್ರೋ ಫೈನಾನ್ಸ್ ಸಾಲವೂ ಆಗಬಹುದು. ನಾಲ್ಕೈದು ಜನರನ್ನು ಕೂರಿಸಿ, ಒಬ್ಬರಿಗೊಬ್ಬರು ಜಾಮೀನು ಹಾಕಿಸಿ ಕಂಪನಿ ಕೊಡುವ ಸಾಲಕ್ಕೂ ಸ್ವಸಹಾಯ ಸಂಘಕ್ಕೂ ಸಂಬಂಧವಿಲ್ಲ. ಗುರುತಿಸಲು ಮೂರು ಪ್ರಶ್ನೆ ಸಾಕು. ಗುಂಪಿನ ಹೆಸರಲ್ಲೇ ಬ್ಯಾಂಕಿನಲ್ಲಿ ಉಳಿತಾಯ ಖಾತೆ ಇದೆಯೇ? ಸಾಲ ಯಾರಿಗೆ ಕೊಡಬೇಕೆಂದು ಸದಸ್ಯರೇ ತೀರ್ಮಾನಿಸಿ ನಡಾವಳಿ ಬರೆಯುತ್ತಾರೆಯೇ? ಕಟ್ಟಿದ ಬಡ್ಡಿ ಕೊನೆಗೆ ಯಾರ ಕೈ ಸೇರುತ್ತದೆ? ಸ್ವಸಹಾಯ ಸಂಘದಲ್ಲಿ ಒಳಸಾಲದ, ಅಂದರೆ ಗುಂಪು ತನ್ನ ನಿಧಿಯಿಂದ ಸದಸ್ಯರಿಗೆ ಕೊಡುವ ಸಾಲದ, ಬಡ್ಡಿ ಗುಂಪಿನ ನಿಧಿಗೇ ವಾಪಸು ಬೀಳುತ್ತದೆ. ಕಂಪನಿಯ ಗುಂಪಿನಲ್ಲಿ ಕಂಪನಿಗೆ ಹೋಗುತ್ತದೆ.

ಈ ಮಾದರಿಗೆ ಕರ್ನಾಟಕದ ಬೇರು ಗಟ್ಟಿಯಾಗಿದೆ. ಟಿಬೆಟ್ ನಿರಾಶ್ರಿತರ ಪುನರ್ವಸತಿಗೆಂದು 1968ರಲ್ಲಿ ಶುರುವಾದ ಮೈರಾಡ ಸಂಸ್ಥೆ 1980ರ ದಶಕದ ನಡುವಿನಲ್ಲೇ ಇಂಥ ಸಣ್ಣ ಗುಂಪುಗಳನ್ನು ಕಟ್ಟಿ ನೋಡಿತ್ತು. ಅದಾದ ಮೇಲೆ 1992ರಲ್ಲಿ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಾಯೋಗಿಕ ಯೋಜನೆ ತಂದಿತು. ರಾಜ್ಯದ ಸ್ತ್ರೀಶಕ್ತಿ ಯೋಜನೆ 2000-01ರದ್ದು. ಈಗ ಸಂಜೀವಿನಿ ಹೆಸರಲ್ಲಿ ನಡೆಯುತ್ತಿರುವುದು ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನದ ರಾಜ್ಯ ರೂಪ. ಹೆಸರು ಯಾವುದಿದ್ದರೂ ಒಳಗಿನ ಯಂತ್ರ ಒಂದೇ: 10ರಿಂದ 20 ಜನ, ತಪ್ಪದ ಸಭೆ, ತಪ್ಪದ ಉಳಿತಾಯ, ಒಳಸಾಲ, ಮರುಪಾವತಿ, ಸರಿಯಾದ ಲೆಕ್ಕ. ಜನರ ಸಂಖ್ಯೆ ಬಿಟ್ಟು ಉಳಿದ ಐದನ್ನು ಸಂಜೀವಿನಿಯವರು ಪಂಚಸೂತ್ರ ಎನ್ನುತ್ತಾರೆ. ಗುಂಪಿಗೆ ಬ್ಯಾಂಕ್ ಸಾಲ ಕೊಡುವ ಮುನ್ನ ಅಂಕ ಹಾಕುವುದೂ ಈ ಐದರ ಮೇಲೆಯೇ.

ದರ: ಎಲ್ಲಿ ಎಷ್ಟು ಬೀಳುತ್ತದೆ

ಬಡ್ಡಿಯನ್ನು ನಾವು ತಿಂಗಳಿಗೆ ನೂರಕ್ಕೆ ಇಷ್ಟು ಎಂದು ಮಾತಾಡುತ್ತೇವೆ, ಬ್ಯಾಂಕು ವರ್ಷಕ್ಕೆ ಶೇಕಡಾ ಇಷ್ಟು ಎನ್ನುತ್ತದೆ. ಮೋಸ ಹೋಗುವುದು ಇಲ್ಲಿಯೇ. ನೂರಕ್ಕೆ ಮೂರು ಅಂದರೆ ವರ್ಷಕ್ಕೆ ಶೇ 36. ಹತ್ತು ವಾರದ ಲೆಕ್ಕ ಇನ್ನೂ ಘೋರ: 10,000 ಎಂದು ಬರೆಸಿಕೊಂಡು, 1,000 ಮೊದಲೇ ಹಿಡಿದು 9,000 ಕೈಗಿಟ್ಟು, ವಾರಕ್ಕೆ 1,000ದಂತೆ ಹತ್ತು ವಾರ ವಸೂಲಿ. ಮೇಲ್ನೋಟಕ್ಕೆ ಶೇ 10 ಅನ್ನಿಸುತ್ತದೆ. ಪ್ರತಿ ವಾರವೂ ಅಸಲು ಇಳಿಯುತ್ತಿರುವುದರಿಂದ ನಿಜವಾದ ದರ ವಾರಕ್ಕೆ ಹತ್ತಿರ ಹತ್ತಿರ ಶೇ 2, ವರ್ಷಕ್ಕೆ ಶೇ 100ರ ಮೇಲೆ.

'ಫ್ಲಾಟ್ ರೇಟ್' ಎಂಬುದೂ ಇದೇ ಜಾತಿ. ಶೇ 12 ಫ್ಲಾಟ್ ಎಂದು ಒಂದು ವರ್ಷದ ಸಾಲ ಕೊಟ್ಟರೆ, 10,000ಕ್ಕೆ ತಿಂಗಳಿಗೆ 933 ರೂಪಾಯಿ ಕಂತು ಬರುತ್ತದೆ. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಅದು ಶೇ 21ಕ್ಕಿಂತ ಹೆಚ್ಚು. ಆದ್ದರಿಂದ ಯಾರೇ ದರ ಹೇಳಲಿ, ಕೇಳಬೇಕಾದ ಮಾತು ಒಂದೇ: ಬಡ್ಡಿ ಮೊದಲಿನ ಅಸಲಿಗೋ, ಉಳಿದ ಅಸಲಿಗೋ?

ಸಂಘದ ಒಳಸಾಲ ಸಾಮಾನ್ಯವಾಗಿ ನೂರಕ್ಕೆ ಒಂದರಿಂದ ಎರಡು, ಉಳಿದ ಅಸಲಿನ ಮೇಲೆ. ಗ್ರಾಮೀಣ ಮಹಿಳಾ ಸಂಘಗಳಿಗೆ ಅಭಿಯಾನದ ಅಡಿ 3 ಲಕ್ಷದವರೆಗಿನ ಬ್ಯಾಂಕ್ ಸಾಲ ವರ್ಷಕ್ಕೆ ಶೇ 7ಕ್ಕೆ ಸಿಗುತ್ತದೆ. ಗುಂಪು ಅದನ್ನು ಸದಸ್ಯರಿಗೆ ನೂರಕ್ಕೆ ಒಂದರಂತೆ ಕೊಟ್ಟರೆ ನಡುವಿನ ಶೇ 5 ಗುಂಪಿನ ನಿಧಿಯಲ್ಲೇ ನಿಲ್ಲುತ್ತದೆ. ಇದು ಲಾಭಕೋರತನವಲ್ಲ. ಒಬ್ಬ ಸದಸ್ಯೆಗೆ ಕಂತು ಕಟ್ಟಲಾಗದ ತಿಂಗಳು ಬ್ಯಾಂಕಿಗೆ ತಪ್ಪದೆ ಕಟ್ಟಲು ಗುಂಪಿಗೆ ಇರುವ ಮೆತ್ತೆ ಅದೊಂದೇ. ಶೇ 7ಕ್ಕೆ ತಂದು ಶೇ 7ಕ್ಕೇ ಹಂಚಿದ ಗುಂಪುಗಳು ಮೊದಲ ಸುಸ್ತಿಗೇ, ಅಂದರೆ ಯಾರದೋ ಕಂತು ತಪ್ಪಿದ ಕೂಡಲೇ, ಮುಗ್ಗರಿಸುತ್ತವೆ.

ಇನ್ನೊಂದು ವಿಷಯ ಬ್ಯಾಂಕಿನ ಕೌಂಟರಿನಲ್ಲಿ ಗೊತ್ತಿರಲಿ. ಸಂಘಕ್ಕೆ 10 ಲಕ್ಷದವರೆಗಿನ ಸಾಲಕ್ಕೆ ಅಡಮಾನ ಕೇಳುವಂತಿಲ್ಲ, ಗುಂಪಿನ ಉಳಿತಾಯ ಖಾತೆಯ ದುಡ್ಡನ್ನು ತಡೆಹಿಡಿಯುವಂತೆಯೂ ಇಲ್ಲ. ಇದು ರಿಸರ್ವ್ ಬ್ಯಾಂಕಿನ ಸೂಚನೆ. 'ಉಳಿತಾಯ ತೆಗೆಯಬೇಡಿ, ಸಾಲ ತೀರಲಿ' ಎಂಬ ಮಾತು ಬಂದರೆ ಬರವಣಿಗೆಯಲ್ಲಿ ಕೊಡಿ ಎಂದು ಕೇಳಿದರಾಯಿತು.

ಒಂದು ಮನೆಯ ಲೆಕ್ಕ

ಲೆಕ್ಕಕ್ಕೆ ಒಂದು ಮನೆ ಹಿಡಿಯೋಣ. ಗಾರ್ಮೆಂಟ್ಸ್ ಸಂಬಳ ಕೈಗೆ 11,800. ಗಂಡನ ಕೂಲಿ ತಿಂಗಳಿಗೆ 12 ದಿನ, ದಿನಕ್ಕೆ 600ರಂತೆ 7,200. ಡೇರಿಯ ಬಟವಾಡೆ ಬೂಸ, ಮೇವು ಕಳೆದು 3,500. ಒಟ್ಟು 22,500. ಗೃಹಲಕ್ಷ್ಮಿಯ 2,000ವನ್ನು ಬೇಕೆಂದೇ ಸೇರಿಸಿಲ್ಲ. ಅದು ಇದೇ ತಾರೀಖಿಗೆ ಬರುತ್ತದೆ ಎಂಬ ಖಾತ್ರಿಯಿಲ್ಲ, ಹಾಗಾಗಿ ಅದನ್ನು ನಂಬಿ ಕಂತು ಒಪ್ಪಿಕೊಳ್ಳಬಾರದು. ಬಂದಾಗ ಅಸಲಿಗೆ ಹೆಚ್ಚುವರಿಯಾಗಿ ಹಾಕಲು ಇಟ್ಟುಕೊಳ್ಳುವುದು ಜಾಣತನ.

ಸಾಲಗಳು: ಕೈಸಾಲ 40,000, ನೂರಕ್ಕೆ ಮೂರು, ತಿಂಗಳಿಗೆ ಬಡ್ಡಿಯೇ 1,200. ಮೈಕ್ರೋ ಫೈನಾನ್ಸ್ ಬಾಕಿ 28,000, ಶೇ 24, ಕಂತು 2,180, ಇನ್ನೂ 15 ಕಂತು. ಚಿನ್ನದ ಸಾಲ 60,000, ಶೇ 12, ಬಡ್ಡಿ 600. ಅಂಗಡಿ ಬಾಕಿ 6,000, ಬಡ್ಡಿಯಿಲ್ಲ, ಆದರೆ ದಿನಸಿ ಅಲ್ಲೇ ತರಬೇಕಾದ ಹಂಗು.

ತಿಂಗಳಿಗೆ ಸಾಲಕ್ಕೆಂದು 3,980 ಹೋಗುತ್ತಿದೆ. ಅದರಲ್ಲಿ ಸಾಲ ಕರಗುತ್ತಿರುವುದು ಫೈನಾನ್ಸ್ ಕಂತಿನೊಳಗಿನ 1,620 ಮಾತ್ರ. ಉಳಿದದ್ದೆಲ್ಲ ಬಡ್ಡಿ. ಕೈಸಾಲಕ್ಕೆ ಇಪ್ಪತ್ತು ತಿಂಗಳು ಹೀಗೆ ಬಡ್ಡಿ ಕಟ್ಟಿದರೆ 24,000 ಹೋಗಿ, ಅಸಲು 40,000 ಇದ್ದಲ್ಲೇ ಇರುತ್ತದೆ. ಮೇಲಾಗಿ ಇಂಥ ಸಾಲಗಾರರು ಅಸಲನ್ನು ಬಿಡಿಬಿಡಿಯಾಗಿ ತೆಗೆದುಕೊಳ್ಳುವುದಿಲ್ಲ. 'ಕೊಟ್ಟರೆ ಒಟ್ಟಿಗೆ ಕೊಡಿ, ಇಲ್ಲವೇ ಬಡ್ಡಿ ನಡೆಸಿಕೊಂಡು ಹೋಗಿ' ಎಂಬುದೇ ಅವರ ವ್ಯಾಪಾರ. ಒಟ್ಟಿಗೆ 40,000 ತರುವ ದಾರಿ ಇಲ್ಲದ್ದರಿಂದಲೇ ಸಂಘದ ಸಾಲಕ್ಕೆ ಇಲ್ಲಿ ಬೆಲೆ.

ಸಂಘದಿಂದ 40,000, ನೂರಕ್ಕೆ ಒಂದು, 20 ತಿಂಗಳು. ಅಸಲು ತಿಂಗಳಿಗೆ 2,000. ಬಡ್ಡಿ ಮೊದಲ ತಿಂಗಳು 400, ಎರಡನೆಯದು 380, ಹೀಗೆ 20ರಂತೆ ಇಳಿದು ಕೊನೆಯ ತಿಂಗಳು 20. ಒಟ್ಟು ಬಡ್ಡಿ 4,200. ಮೊದಲ ಕಂತು 2,400, ಕೊನೆಯದು 2,020. ಎಲ್ಲ ತಿಂಗಳೂ ಒಂದೇ ಮೊತ್ತ ಬರುವ ಇಎಂಐಗಿಂತ ಈ ಇಳಿಯುವ ಕಂತು ಸಂಘಕ್ಕೆ ಸರಿ. ಪಾಸ್‌ಪುಸ್ತಕ ನೋಡಿದ ಯಾರಿಗಾದರೂ ಬಾಯಿಲೆಕ್ಕದಲ್ಲೇ ತಾಳೆಯಾಗುತ್ತದೆ.

ಈಗ ಹೆಚ್ಚಿನವರು ಎಡವುವ ಜಾಗ. ಬಡ್ಡಿ ಇಳಿಯಿತು ನಿಜ, ಆದರೆ ತಿಂಗಳ ಹೊರೆ ಇಳಿಯಲಿಲ್ಲ, ಏರಿತು. ಮೊದಲು 3,980 ಇದ್ದದ್ದು ಈಗ 2,400 + 2,180 + 600, ಅಂದರೆ 5,180. ತಿಂಗಳಿಗೆ 1,200 ಹೆಚ್ಚು. ಇದನ್ನು ಸಾಲ ಎತ್ತುವ ಮೊದಲೇ ಎಲ್ಲಿಂದ ತರುವುದೆಂದು ಬರೆದಿಡದ ಮನೆ ಮೂರನೇ ತಿಂಗಳಿಗೆ ಅದೇ ಕೈಸಾಲದವರ ಬಾಗಿಲಿಗೆ ಹೋಗುತ್ತದೆ.

ಖರ್ಚಿನ ಪುಸ್ತಕ ಬೇಕಾಗುವುದು ಇದಕ್ಕೆ. ಈ ಮನೆಯ ದಿನಸಿ, ತರಕಾರಿ, ಗ್ಯಾಸ್, ಶಾಲೆ, ಔಷಧಿ, ಪೆಟ್ರೋಲು, ರೀಚಾರ್ಜು, ಮುಯ್ಯಿ ಎಲ್ಲ ಸೇರಿ 17,000 ಎಂದಿಟ್ಟುಕೊಳ್ಳಿ. ಸಾಲಕ್ಕೆ 3,980, ಸಂಘದ ಉಳಿತಾಯ 200. ಕೂಡಿದರೆ 21,180. ಆದಾಯ 22,500. ನಡುವಿನ 1,320 ಎಲ್ಲಿ ಹೋಯಿತೆಂದು ಯಾವ ಪುಸ್ತಕದಲ್ಲೂ ಇರುವುದಿಲ್ಲ. ಬೇಕಾದ 1,200 ಇರುವುದು ಅಲ್ಲಿಯೇ: ಬಸ್‌ಸ್ಟ್ಯಾಂಡಿನ ಟೀ ಬೋಂಡ, ಅರ್ಧಕ್ಕೆ ಬಿಟ್ಟ ಚೀಟಿ, ಮಕ್ಕಳ ಕುರ್ಕುರೆ, ಫೋನಿನಲ್ಲೇ ಹೋಗಿಬಿಡುವ ಇಪ್ಪತ್ತು ಮೂವತ್ತು ರೂಪಾಯಿಗಳು. ಒಂದು ತಿಂಗಳು ದಿನವೂ ರಾತ್ರಿ ಬರೆದರೆ ಸಾಕು, ಕಾಣಿಸಿಕೊಳ್ಳುತ್ತದೆ. ಮೊಬೈಲ್ ಆ್ಯಪ್‌ಗಳು ಇದಕ್ಕೆ ಅಷ್ಟಾಗಿ ಒಗ್ಗುವುದಿಲ್ಲ. ಅವು ಯುಪಿಐ ಖರ್ಚನ್ನು ಹಿಡಿಯುತ್ತವೆ, ಕೂಲಿಯ ನಗದು ಕೈಬಿಟ್ಟುಹೋಗುತ್ತದೆ. ಮೂವತ್ತು ರೂಪಾಯಿಯ ಉದ್ದ ನೋಟ್‌ಬುಕ್ಕು, ಎಡಕ್ಕೆ ಜಮಾ, ಬಲಕ್ಕೆ ಖರ್ಚು, ಅಷ್ಟೇ ಸಾಕು.

ವರ್ಷದ ಏರಿಳಿತ ಬೇರೆ ಬರೆಯಬೇಕು. ಮದುವೆ ಸೀಸನ್ನಿನಲ್ಲಿ ಮುಯ್ಯಿ ಮೂರು ಪಟ್ಟಾಗುತ್ತದೆ, ಜೂನ್‌ನಲ್ಲಿ ಶಾಲೆಯ ಫೀಸು, ಆಮೇಲೆ ಗೌರಿ ಗಣೇಶ. ಆಷಾಢ ಹಗುರ. ಸಾಲ ಮಂಜೂರಾಗುವ ದಿನವೇ 'ಜೂನ್ ತಿಂಗಳು ಬಡ್ಡಿ ಮಾತ್ರ' ಎಂದು ನಡಾವಳಿಯಲ್ಲಿ ಬರೆಸಿಕೊಳ್ಳಲು ಸಂಘದಲ್ಲಿ ಅವಕಾಶವಿದೆ. ಬ್ಯಾಂಕಿನಲ್ಲೂ ಫೈನಾನ್ಸಿನಲ್ಲೂ ಸಿಗದ ಸೌಲಭ್ಯ ಇದು. ಹೆಚ್ಚಿನ ಸಂಘಗಳು ಬಳಸುವುದೇ ಇಲ್ಲ. ಬಟವಾಡೆ ವಾರಕ್ಕೊಮ್ಮೆ ಬರುವ ಕಡೆ ಕಂತನ್ನೂ ವಾರಕ್ಕೆ ಒಡೆಯುವುದು ಒಳ್ಳೆಯದು. ದುಡ್ಡು ಮನೆಯಲ್ಲಿ ನಾಲ್ಕು ರಾತ್ರಿ ಉಳಿದರೆ ಅದಕ್ಕೊಂದು ಖರ್ಚು ಹುಟ್ಟಿಕೊಳ್ಳುತ್ತದೆ.

ಸಭೆ ಹೇಗಿರಬೇಕು

ಪರಸ್ಪರ ಧೈರ್ಯ ಎನ್ನುವುದು ಇಲ್ಲಿ ಭಾಷಣದಿಂದ ಬರುವುದಿಲ್ಲ, ಪುಸ್ತಕ ಗಟ್ಟಿಯಾಗಿ ಓದುವುದರಿಂದ ಬರುತ್ತದೆ. ಸರಿಯಾಗಿ ನಡೆವ ಸಂಘದ ಒಂದು ವಾರದ ಪುಟ ಹೀಗಿರುತ್ತದೆ. ಸದಸ್ಯರು 15, ಹಾಜರು 13, ಬಾರದ ಇಬ್ಬರು ಉಳಿತಾಯ ಕೊಟ್ಟು ಕಳಿಸಿದ್ದಾರೆ. ಉಳಿತಾಯ 50ರಂತೆ 750. ಸಾಲದ ಅಸಲು ಬಂದದ್ದು 6,500, ಬಡ್ಡಿ 980, ತಡವಾಗಿ ಬಂದವರ ದಂಡ 20. ಒಟ್ಟು ಜಮಾ 8,250. ಅಂದು ಕೊಟ್ಟ ಸಾಲ 5,000. ಉಳಿದ ನಗದು 3,250, ಮರುದಿನ ಬ್ಯಾಂಕಿಗೆ ಕಟ್ಟಲು ಇಬ್ಬರ ಹೆಸರು. ಕೆಳಗೆ ಎಲ್ಲರ ಸಹಿ.

ಪ್ರತಿಯೊಬ್ಬರ ಸಾಲದ ಬಾಕಿಯನ್ನು ಹೆಸರು ಹಿಡಿದು ಓದುತ್ತಾರೆ. 'ಅಕ್ಕ, ನಿಮ್ಮದು 40,000ದಲ್ಲಿ ಈಗ 26,000 ಉಳಿದಿದೆ' ಎಂಬ ಒಂದು ಸಾಲು ಹದಿನೈದು ಜನರ ಎದುರು ಬಿದ್ದಾಗ ಆಗುವ ಪರಿಣಾಮ ಯಾವ ಎಸ್‌ಎಂಎಸ್‌ಗೂ ಇಲ್ಲ. ಕಂತು ತಪ್ಪಿದವರನ್ನೂ ಅಲ್ಲೇ ಕೇಳುತ್ತಾರೆ. ಕೇಳುವ ಬಗೆ ಮುಖ್ಯ. 'ಯಾಕೆ ಕಟ್ಟಲಿಲ್ಲ' ಎಂದು ಶುರುವಾದರೆ ಮುಂದಿನ ವಾರ ಆಕೆ ಸಭೆಗೇ ಬರುವುದಿಲ್ಲ. 'ಈ ವಾರ ಏನು ಬಂತು, ಏನು ಹೋಯಿತು' ಎಂದು ಖರ್ಚಿನ ಪುಸ್ತಕ ತೆರೆಸಿದರೆ ಕಾರಣ ತಾನಾಗಿ ಹೊರಬೀಳುತ್ತದೆ. ಆಸ್ಪತ್ರೆ ಖರ್ಚಾದರೆ ಎರಡು ವಾರ ಗಡುವು, ಗಂಡ ಇಸ್ಕೊಂಡು ಹೋದದ್ದಾದರೆ ಕಂತನ್ನು ಬಟವಾಡೆಯ ದಿನಕ್ಕೇ ಬದಲಾಯಿಸುವುದು.

ಸದಸ್ಯರ ಕೈಯಲ್ಲಿ ಪಾಸ್‌ಪುಸ್ತಕ ಇರಲೇಬೇಕು. ಸಂಘದಲ್ಲಿ ನಡಾವಳಿ, ನಗದು ಪುಸ್ತಕ, ಉಳಿತಾಯ ಲೆಡ್ಜರ್, ಸಾಲದ ಲೆಡ್ಜರ್. ಸಂಜೀವಿನಿ ಸಂಘಗಳಿಗೆ ಪುಸ್ತಕ ಬರೆದುಕೊಡಲು, ತಿದ್ದಲು ಪಂಚಾಯಿತಿ ಒಕ್ಕೂಟದ ಎಂಬಿಕೆ (ಮುಖ್ಯ ಪುಸ್ತಕ ಬರಹಗಾರರು) ಇರುತ್ತಾರೆ. ಅವರು ಬರುವ ದಿನವಷ್ಟೇ ಪುಸ್ತಕ ಬರೆಯುವ ಸಂಘವಾದರೆ ದೂರವಿರುವುದು ಕ್ಷೇಮ. ಅಂದಂದಿನ ನಗದು ಅಂದೇ ಬರೆಯದ ಪುಸ್ತಕದಲ್ಲಿ ತಾಳೆ ಸಿಗುವುದಿಲ್ಲ.

ಕೈಕೊಡುವ ಕಡೆ

ದೊಡ್ಡ ದೋಷ, ಬ್ಯಾಂಕ್ ಸಾಲದ ಸಮಪಾಲು. ಗುಂಪಿಗೆ 3 ಲಕ್ಷ ಬಂತು, 15 ಜನ, ತಲೆಗೆ 20,000. ಜಗಳವಿಲ್ಲ, ಸುಲಭ. ಆದರೆ 40,000 ಬೇಕಿದ್ದವಳ ಕೈಸಾಲ ಅರ್ಧಕ್ಕೆ ನಿಲ್ಲುತ್ತದೆ, ಏನೂ ಬೇಡದವಳು ಟಿವಿ ತರುತ್ತಾಳೆ. ನಿಯಮ ಹೇಳುವುದು ಬೇರೆ: ಎಂಸಿಪಿ ಎಂದು ಕರೆಯುವ ಸಾಲದ ಯೋಜನೆಯಲ್ಲಿ ಪ್ರತಿ ಮನೆಯ ಆದಾಯ, ಖರ್ಚು, ಈಗಿರುವ ಸಾಲ ಬರೆದು, ಅದರ ಪ್ರಕಾರ ಹಂಚಬೇಕು. ದುಬಾರಿ ಸಾಲ ತೀರಿಸುವುದು ಈ ಸಾಲದ ಅಧಿಕೃತ ಉದ್ದೇಶಗಳಲ್ಲೇ ಒಂದು. ಹೀಗಿದ್ದೂ 'ಹಸು ಖರೀದಿ' ಎಂದು ಸುಳ್ಳು ಬರೆಸುವ ಅಭ್ಯಾಸ ಹೋಗಿಲ್ಲ. 2 ಲಕ್ಷ ದಾಟಿದ ಸಾಲದಲ್ಲಿ ಕನಿಷ್ಠ ಅರ್ಧ ಆದಾಯ ತರುವ ಕೆಲಸಕ್ಕೆ ಹೋಗಬೇಕೆಂಬ ನಿಯಮವಿದೆ, ಉಳಿದರ್ಧಕ್ಕೆ ಇಂಥ ತೊಡಕಿಲ್ಲ. ನಿಜವನ್ನೇ ಬರೆಸಿದರಾಯಿತು.

ಎರಡನೆಯದು, ಹೆಸರು ಒಬ್ಬರದು, ದುಡ್ಡು ಇನ್ನೊಬ್ಬರದು. 'ನಿನಗೆ ಬೇಡವಲ್ಲ, ನಿನ್ನ ಪಾಲು ನನಗೆ ಎತ್ತಿಕೊಡು, ಕಂತು ನಾನೇ ಕಟ್ತೀನಿ' ಎಂಬ ಮಾತಿಗೆ ಒಪ್ಪಿದವರು ಸಾಲದ ಲೆಡ್ಜರಿನಲ್ಲಿ ತಾವೇ ಸುಸ್ತಿದಾರರಾಗುತ್ತಾರೆ. ಇದಕ್ಕೆ ಮದ್ದು ಸುಲಭ. ಸಾಲ ತೀರಿಸಲೆಂದು ಎತ್ತುವ ದುಡ್ಡನ್ನು ಸದಸ್ಯೆಯ ಕೈಗೆ ನಗದಾಗಿ ಕೊಡದೆ ಆಕೆಯ ಖಾತೆಗೆ ಹಾಕಿ, ಅಲ್ಲಿಂದ ಸಾಲ ಕೊಟ್ಟವರ ಖಾತೆಗೆ ಕಳಿಸಿ, ತೀರಿದ್ದಕ್ಕೆ ಕಾಗದವನ್ನು ಮುಂದಿನ ಸಭೆಯಲ್ಲಿ ತೋರಿಸುವುದು. ಈ ಒಂದು ಕಟ್ಟುಪಾಡು ಇರುವ ಸಂಘಕ್ಕೂ ಇಲ್ಲದ ಸಂಘಕ್ಕೂ ಅಜಗಜಾಂತರ.

ಮೂರನೆಯದು ಸಮಯ. ಸಾಲದ ಬಿಸಿ ತಟ್ಟಿದ ಮೇಲೆ ಹೊಸ ಸಂಘ ಕಟ್ಟಿ ಪ್ರಯೋಜನವಿಲ್ಲ. 15 ಜನ ವಾರಕ್ಕೆ 50ರಂತೆ ಹಾಕಿದರೆ ಒಂದು ವರ್ಷದ ಒಟ್ಟು ಉಳಿತಾಯವೇ 39,000. ಬ್ಯಾಂಕ್ ಸಾಲಕ್ಕೆ ಕನಿಷ್ಠ ಆರು ತಿಂಗಳು ಚೆನ್ನಾಗಿ ನಡೆದ ದಾಖಲೆ ಬೇಕು. ಮೊದಲ ವರ್ಷ ಸಿಗುವುದು ಮೂರು ಸಾವಿರ, ಐದು ಸಾವಿರದ ಒಳಸಾಲ ಮಾತ್ರ. ಅಂಗಡಿ ಬಾಕಿ ತೀರಿಸಲು ಅದು ಸಾಕು, ಕೈಸಾಲಕ್ಕೆ ಸಾಲದು. ಹಳೆಯ ಸಂಘದಲ್ಲಿ ಜಾಗ ಖಾಲಿಯಿದ್ದರೆ ಅಲ್ಲಿ ಸೇರುವುದು ಮೇಲು, ಆದರೆ ಹಳಬರ ಸಮಕ್ಕೆ ಉಳಿತಾಯ ಒಟ್ಟಿಗೆ ತುಂಬಿ ಎಂದು ಕೇಳುತ್ತಾರೆ. ಅದನ್ನೂ ಕಂತಿನಲ್ಲಿ ಒಪ್ಪಿಸಬಹುದು.

ಇನ್ನು ಒತ್ತಾಸೆ ಒತ್ತಡವಾಗುವ ಅಪಾಯ. ಒಬ್ಬರ ಕಂತು ತಪ್ಪಿದರೆ ಎಲ್ಲರ ಮುಂದಿನ ಸಾಲಕ್ಕೆ ಕುತ್ತು, ಹಾಗಾಗಿ ಬಾಗಿಲ ಮುಂದೆ ಕೂರುವುದು, ಪಾತ್ರೆ ಎತ್ತಿಕೊಂಡು ಹೋಗುವುದು ನಡೆದೇ ಇದೆ. ಬಲವಂತದ ವಸೂಲಿ ತಡೆಯಲು ರಾಜ್ಯ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು. 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಸಂಘದೊಳಗೆ ಪೊಲೀಸು, ಕಾನೂನು ಎಂದು ಹೋಗುವ ಪರಿಸ್ಥಿತಿ ಬರಬಾರದು ಎಂದಾದರೆ ಸುಸ್ತಿಯ ನಿಯಮವನ್ನು ಸುಸ್ತಿ ಆಗುವ ಮೊದಲೇ ಬರೆದಿಡಬೇಕು: ಎಷ್ಟು ವಾರ ಗಡುವು, ದಂಡ ಎಷ್ಟು, ಆಮೇಲೆ ಉಳಿತಾಯದಿಂದ ಹೊಂದಿಸುವುದು ಯಾವಾಗ.

ಯಾವುದನ್ನು ಮೊದಲು ತೀರಿಸುವುದು

ದರದ ಲೆಕ್ಕದಲ್ಲಿ ಕೈಸಾಲ ಮೊದಲು, ಫೈನಾನ್ಸ್ ಆಮೇಲೆ, ಚಿನ್ನ ಕೊನೆಗೆ. ಆದರೆ ಚಿನ್ನಕ್ಕೆ ಗಡುವಿದೆ. ಅವಧಿ ಮುಗಿಯುವ ತಾರೀಖನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆಯಿರಿ, ಹರಾಜಿನ ನೋಟಿಸು ಬರುವವರೆಗೆ ಕಾಯಬೇಡಿ. ಕೆಲವು ಫೈನಾನ್ಸ್ ಕಂಪನಿಗಳ ಚಿನ್ನದ ಸಾಲದಲ್ಲಿ ತಿಂಗಳು ತಿಂಗಳು ಬಡ್ಡಿ ಕಟ್ಟಿದರೆ ಮಾತ್ರ ಕಡಿಮೆ ದರ, ತಪ್ಪಿದರೆ ಮೇಲಿನ ದರಕ್ಕೆ ಏರುತ್ತದೆ. ಅಂಗಡಿ ಬಾಕಿಗೆ ಬಡ್ಡಿಯಿಲ್ಲದಿದ್ದರೂ ಅದನ್ನು ಬೇಗ ತೀರಿಸುವುದರಲ್ಲಿ ಲಾಭವಿದೆ. ನಗದು ಕೊಟ್ಟು ಎಲ್ಲಿ ಅಗ್ಗವೋ ಅಲ್ಲಿ ತರುವ ಸ್ವಾತಂತ್ರ್ಯ ಬರುತ್ತದೆ.

ಮೈಕ್ರೋ ಫೈನಾನ್ಸ್ ಸಾಲವನ್ನು ಅವಧಿಗೆ ಮುನ್ನ ಕಟ್ಟಿದರೆ ದಂಡ ಹಾಕುವಂತಿಲ್ಲ. 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮ ಇದು. ತಡವಾದರೆ ದಂಡ ತಪ್ಪಿದ ಕಂತಿನ ಮೇಲೆ ಮಾತ್ರ, ಪೂರ್ತಿ ಸಾಲದ ಮೇಲಲ್ಲ. ವಸೂಲಿಗೆ ಬೆಳಿಗ್ಗೆ 9ರ ಮೊದಲು, ಸಂಜೆ 6ರ ನಂತರ ಬರುವಂತಿಲ್ಲ, ಫೋನೂ ಮಾಡುವಂತಿಲ್ಲ. ಅದೇ ನಿಯಮದಲ್ಲಿ ಮನೆಯ ಎಲ್ಲ ಸಾಲದ ಕಂತು ತಿಂಗಳ ಆದಾಯದ ಅರ್ಧ ದಾಟಬಾರದು ಎಂದೂ ಇದೆ. ಅದು ಸಾಲ ಕೊಡುವವರಿಗೆ ಹಾಕಿದ ಗಡಿ, ಮನೆಗೆ ಸಲಹೆಯಲ್ಲ. ನಮ್ಮ ಉದಾಹರಣೆಯ ಮನೆ 11,250 ಕಂತು ಕಟ್ಟಹೊರಟರೆ ಮಕ್ಕಳ ಹಾಲೂ ನಿಲ್ಲುತ್ತದೆ. ಮೂರರಲ್ಲಿ ಒಂದು ಪಾಲು, ಅಂದರೆ 7,500, ದಾಟದಿರುವುದು ಒಳ್ಳೆಯದು.

ಕೈಸಾಲ ತೀರಿಸುವ ದಿನ ದುಡ್ಡಿಗಿಂತ ಕಾಗದದ ಮೇಲೆ ಕಣ್ಣಿರಲಿ. ಪ್ರೋನೋಟು, ಸಹಿ ಹಾಕಿದ ಖಾಲಿ ಚೆಕ್ಕು, ಛಾಪಾ ಕಾಗದ ಮೂರೂ ವಾಪಸು ಕೈಗೆ ಬಂದ ಮೇಲೆಯೇ ಕೊನೆಯ ದುಡ್ಡು. 'ಎಲ್ಲೋ ಇಟ್ಟಿದ್ದೀನಿ, ನಾಳೆ ಕೊಡ್ತೀನಿ' ಎಂದರೆ ನಾಳೆಯೇ ದುಡ್ಡು ಕೊಟ್ಟರಾಯಿತು. ಪ್ರೋನೋಟಿಗೆ ಕಾಲಮಿತಿ ಮೂರು ವರ್ಷ, ಆದರೆ ನಡುವೆ ಬಡ್ಡಿ ಕಟ್ಟಿ ಅದರ ಹಿಂದೆ ಷರಾ ಬರೆದು ಸಹಿ ಮಾಡಿದ್ದರೆ ಅಲ್ಲಿಂದ ಮತ್ತೆ ಮೂರು ವರ್ಷ. ಹಾಗಾಗಿ 'ಹಳೇ ಕಾಗದ, ಏನಾಗುತ್ತೆ' ಎಂಬ ನಂಬಿಕೆ ಬೇಡ. ಚೆಕ್ಕು ಕಳೆದುಹೋಗಿದೆ ಎಂದರೆ ಅದರ ನಂಬರು ಕೊಟ್ಟು ಬ್ಯಾಂಕಿನಲ್ಲಿ ಪಾವತಿ ನಿಲ್ಲಿಸಿ, ಪೂರ್ತಿ ತೀರಿದೆ ಎಂದು ಸಾಲ ಕೊಟ್ಟವರಿಂದ ಬರೆಸಿಕೊಳ್ಳಿ.

ಯಾರಿಗೆ ಬೇಡ

ಕ್ರೆಡಿಟ್ ಕಾರ್ಡು, ಪರ್ಸನಲ್ ಲೋನು, ಆ್ಯಪ್ ಸಾಲ ಸೇರಿ ನಾಲ್ಕೈದು ಲಕ್ಷದಲ್ಲಿರುವ ನಗರದ ನೌಕರರಿಗೆ ಈ ಸೇವೆ ಹೊಂದುವುದಿಲ್ಲ. ಮೊತ್ತವೇ ಸಾಲದು. ಅವರು ಬ್ಯಾಂಕಿನಲ್ಲಿ ಕಾರ್ಡಿನ ಬಾಕಿಯನ್ನು ಕಡಿಮೆ ಬಡ್ಡಿಯ ಕಂತಿಗೆ ಬದಲಾಯಿಸಿಕೊಳ್ಳುವುದು, ಇಲ್ಲವೇ ಲೀಡ್ ಬ್ಯಾಂಕಿನ ಆರ್ಥಿಕ ಸಾಕ್ಷರತಾ ಕೇಂದ್ರದಲ್ಲಿ ಉಚಿತ ಸಲಹೆ ಕೇಳುವುದು ಸರಿ. ದುಡಿಮೆಗೆಂದು ವರ್ಷದಲ್ಲಿ ಆರು ತಿಂಗಳು ಬೇರೆ ಊರಿಗೆ ಹೋಗುವವರಿಗೂ ವಾರದ ಸಭೆ ಕಷ್ಟ. ಮನೆಯಲ್ಲಿ ಕುಡಿತದ ಖರ್ಚು ಹಿಡಿತಕ್ಕೆ ಬರದಿದ್ದರೆ ಸಾಲದ ಬದಲಾವಣೆ ಮಾಡಬಾರದು. ಉಳಿತಾಯ ಮಾತ್ರ ನಡೆಸಲಿ.

ಕೊನೆಯ ಕಂತು ಕಟ್ಟಿದ ವಾರ ಮಾಡಬೇಕಾದ ಕೆಲಸ ಮೂರಿದೆ. ಸಂಘದ ಸಾಲದ ಲೆಡ್ಜರಿನಲ್ಲಿ ಬಾಕಿ ಸೊನ್ನೆ ಎಂದು ಬರೆಸಿ ಪ್ರತಿನಿಧಿಗಳ ಸಹಿ, ಅದೇ ಸಾಲನ್ನು ನಡಾವಳಿಯಲ್ಲೂ ಬರೆಸುವುದು. ಫೈನಾನ್ಸಿನಿಂದ ಬಾಕಿಯಿಲ್ಲವೆಂಬ ಪ್ರಮಾಣಪತ್ರ. ಆಮೇಲೆ ಒಂದು ತಿಂಗಳು ಬಿಟ್ಟು ಕ್ರೆಡಿಟ್ ವರದಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್ ನಾಲ್ಕೂ ವರ್ಷಕ್ಕೊಂದು ಪೂರ್ತಿ ವರದಿ ಉಚಿತವಾಗಿ ಕೊಡಬೇಕು. ತೀರಿದ ಸಾಲ ಇನ್ನೂ ಬಾಕಿ ಎಂದು ಅದರಲ್ಲಿದ್ದರೆ ದೂರು ಕೊಡಿ. 30 ದಿನದೊಳಗೆ ಸರಿಪಡಿಸದಿದ್ದರೆ ಆ ಮೇಲಿನ ಪ್ರತಿ ದಿನಕ್ಕೆ 100 ರೂಪಾಯಿಯಂತೆ ದೂರುದಾರರಿಗೆ ಪರಿಹಾರ ಕೊಡಬೇಕೆಂಬ ನಿಯಮ ಇದೆ. ದೂರಿನ ನಂಬರು ಬರೆದಿಟ್ಟುಕೊಂಡಿದ್ದರೆ ಮಾತ್ರ ಅದನ್ನು ಕೇಳಲು ಸಾಧ್ಯ.